ನೂರು ವರ್ಷಕ್ಕೊಂದು ಮಳೆ

ಹೋದ ತಿಂಗಳು ಪತ್ರಿಕೆಯ ಒಳಪುಟದಲ್ಲಿ ಅವರ ಫೋಟೊ ಬಂದಿತ್ತು. ಹವಾಮಾನ ವಿಜ್ಞಾನಿ ನಿಧನ ಎಂದು ತಲೆಬರಹ. ಕೊರಳಿಗೆ ಟೈ ಕಟ್ಟಿದ್ದರು. ನಾನು ಕಂಡ ಮನುಷ್ಯ ಪ್ಯಾಂಟು ಸೈಕಲ್ ಚೈನಿಗೆ ಸಿಕ್ಕದ ಹಾಗೆ ಕಾಲಿಗೆ ಕ್ಲಿಪ್ಪು ಹಾಕಿಕೊಂಡು, ಎಷ್ಟೋ ಸಲ ಆ ಕ್ಲಿಪ್ಪು ತೆಗೆಯುವುದನ್ನೇ ಮರೆತು ಪಾಠಕ್ಕೆ ಹೋಗಿ ಹುಡುಗರ ನಗೆಗೆ ಈಡಾದವರು. ಆ ಟೈ ನೋಡಿ ನನಗೆ ಬೇರೆ ಯಾರೋ ಸತ್ತ ಹಾಗೆ ಅನ್ನಿಸಿತು. ಮಳೆಯ ಏರುಪೇರು, ವಿಪರೀತ ಮಳೆ, ಬರ ಇವುಗಳ ಅಧ್ಯಯನದಲ್ಲಿ ದೊಡ್ಡ ಹೆಸರು, ಹೊರದೇಶಗಳಲ್ಲಿ ಉಪನ್ಯಾಸ, ಹತ್ತಾರು ಶಿಷ್ಯರು ಎಂದೆಲ್ಲ ಬರೆದಿದ್ದರು. ಎಲ್ಲ ನಿಜ. ಉತ್ತರದ ಒಂದು ದೊಡ್ಡ ಸಂಸ್ಥೆ ಅವರನ್ನು ಕರೆಸಿಕೊಂಡ ಮೇಲೆ ಅವರು ಏರಿದ ಎತ್ತರ ಸಣ್ಣದಲ್ಲ. ಆದರೆ ನಾನು ಬರೆಯುವುದು ಅವರು ಅತ್ತ ಹೋಗುವ ಮೊದಲಿನ ಮಾತು. ಅವರ ಹೆಸರು ಬರೆಯುವುದಿಲ್ಲ. ಆ ಊರಿನ ಹೆಸರನ್ನೂ ಬರೆಯುವುದಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾವಿಬ್ಬರೂ ಮಂಡ್ಯದ ಒಂದು ಕಾಲೇಜಿನಲ್ಲಿ ಮೇಷ್ಟ್ರು. ಅವರದು ಭೌತಶಾಸ್ತ್ರ, ನನ್ನದು ಕನ್ನಡ. ಒಂದೇ ವಠಾರದಲ್ಲಿ ಗೋಡೆಗೆ ಗೋಡೆ ತಾಗಿಕೊಂಡು ಮನೆ. ಅವರು ಮೈಸೂರಿನ ಒಬ್ಬ ಪ್ರೊಫೆಸರರ ಕೈಕೆಳಗೆ ಡಾಕ್ಟರೇಟ್ ಮಾಡುತ್ತಿದ್ದರು. ವಿಷಯ ನಮ್ಮ ಸೀಮೆಯ ಮಳೆ. ಇದು ಗೊತ್ತಾದದ್ದೇ ತಡ, ವಠಾರದವರೆಲ್ಲ ಅವರನ್ನು ಮಳೆ ಮೇಷ್ಟ್ರು ಅಂತ ಕರೆಯತೊಡಗಿದರು. ಬೆಳಿಗ್ಗೆ ಅಗಸರವನು ಗಂಟು ಹೊತ್ತುಕೊಂಡು ಬಾಗಿಲಲ್ಲಿ ನಿಂತು, "ಇವತ್ತು ಬಟ್ಟೆ ಒಣಗ್ತವಾ ಸಾಮಿ?" ಅನ್ನುತ್ತಿದ್ದ. ಎದುರು ಮನೆಯ ಅಜ್ಜಿ ಹಪ್ಪಳದ ಹಿಟ್ಟು ಕಲಸುವ ಮೊದಲು ಇವರ ಅಪ್ಪಣೆ ಕೇಳುತ್ತಿದ್ದರು. ಇವರಿಗೆ ರೇಗುತ್ತಿತ್ತು.

"ನಾನು ನಾಳೆಯ ಮಳೆಯವನಲ್ಲ ಕಣಯ್ಯ," ಅನ್ನುತ್ತಿದ್ದರು ನನ್ನ ಹತ್ತಿರ. "ನಾಳೆ ಮಳೆ ಬರುತ್ತಾ ಅಂತ ಕೇಳಿದರೆ ನನಗಿಂತ ನಿನ್ನ ಮೊಣಕಾಲು ನೋವೇ ವಾಸಿ. ಮಳೆ ಎಷ್ಟು ದೂರ ದಾರಿ ತಪ್ಪಬಲ್ಲುದು, ಅಷ್ಟು ಮಾತ್ರ ನನ್ನ ಕೆಲಸ."

ಸರಾಸರಿ ಅನ್ನುವ ಪದ ಕೇಳಿದರೆ ಅವರಿಗೆ ಮೈ ಉರಿಯುತ್ತಿತ್ತು. ಒಂದು ವರ್ಷ ಕೆರೆ ಒಡೆದು, ಮರುವರ್ಷ ಕುಡಿಯಲು ನೀರಿಲ್ಲದೆ ಹೋದರೂ ಎರಡನ್ನೂ ಕೂಡಿಸಿ ಭಾಗಿಸಿದರೆ ಎರಡು ಒಳ್ಳೆಯ ವರ್ಷ ಅಂತ ಬರುತ್ತದೆ, ಇಂಥ ಸುಳ್ಳನ್ನು ಯಾವ ಕವಿಯೂ ಹೇಳಲಾರ ಅನ್ನುತ್ತಿದ್ದರು. ಕೊನೆಯ ಮಾತು ನನಗೆ ಬಿಟ್ಟ ಬಾಣ. 'ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ' ಎಂಬ ಗಾದೆಯನ್ನು ನಾನು ಒಮ್ಮೆ ಅವರ ಮುಂದೆ ಹೇಳಿ ಸಿಕ್ಕಿಹಾಕಿಕೊಂಡೆ. "ನಿಮ್ಮ ಗಾದೆ ಮಾಡಿದವನ ಮನೆ ದಿಬ್ಬದ ಮೇಲಿತ್ತು ಅಂತ ಕಾಣುತ್ತೆ," ಅಂದರು.

ಅವರೊಂದಿಗೆ ಎಲ್ಲಿಗಾದರೂ ಹೋಗುವುದು ಎಂದರೆ ಒಂದು ಫಜೀತಿ. ಮುತ್ತತ್ತಿಗೆ ಕರೆದುಕೊಂಡು ಹೋದೆ. ಎಲ್ಲರೂ ಆಂಜನೇಯನಿಗೆ ಕೈಮುಗಿದು ಬುತ್ತಿ ಬಿಚ್ಚಿದರೆ ಇವರು ಹೊಳೆ ದಂಡೆಯ ಬಂಡೆಗಳನ್ನು ತಡವುತ್ತ, ಹಳೆಯ ಪ್ರವಾಹ ಎಲ್ಲಿಯವರೆಗೆ ಏರಿತ್ತು ಅಂತ ಅಂಗಡಿಯ ಮುದುಕನನ್ನು ಪೀಡಿಸುತ್ತಿದ್ದರು. ಬೆಸಗರಹಳ್ಳಿಯ ನಮ್ಮ ಮನೆಗೆ ಊಟಕ್ಕೆ ಕರೆದರೆ ನನ್ನ ಅವ್ವನಿಗೂ ಅದೇ ಪ್ರಶ್ನೆ. ಅವ್ವ ಗೋಡೆಯ ಮೇಲೆ ಕೈಯಿಟ್ಟು, "ಇಲ್ಲಿಗಂಟ ಬಂದಿತ್ತು ಕಣಪ್ಪ, ನಾನು ಮದ್ವೆಯಾಗಿ ಬಂದ ವರ್ಸ," ಅಂದಳು. ಇವರು ಅವಳ ಕೈ ಪಕ್ಕ ತಮ್ಮ ಅಂಗೈ ಒತ್ತಿ ನಿಂತೇ ನಿಂತರು. ಮುದ್ದೆ ಆರಿಹೋಯಿತು.

ಅವರ ತಂದೆ ಮಳವಳ್ಳಿ ಕಡೆಯ ಜೋಯಿಸರು. ಸುತ್ತಲ ಹಳ್ಳಿಗಳಿಗೆಲ್ಲ ಪಂಚಾಂಗ ಹೇಳುತ್ತಿದ್ದವರು. ಯುಗಾದಿಯ ದಿನ ಅರಳಿಕಟ್ಟೆಯ ಮೇಲೆ ಕೂತು ಈ ವರ್ಷ ಎಷ್ಟು ಕೊಳಗ ಮಳೆ, ಅದರಲ್ಲಿ ಸಮುದ್ರಕ್ಕೆಷ್ಟು, ಬೆಟ್ಟಕ್ಕೆಷ್ಟು, ಭೂಮಿಗೆಷ್ಟು ಅಂತ ಓದಿ ಹೇಳುತ್ತಿದ್ದರು. ಅಪ್ಪ ಮಗ ಕೂತು ಜಗಳ ಆಡುವುದನ್ನು ಕೇಳುವುದೇ ಒಂದು ಸುಖ. ಮಗ ಕೊಳಗದ ಲೆಕ್ಕವನ್ನು ಹಂಗಿಸಿದರೆ ಜೋಯಿಸರು ನಶ್ಯ ಏರಿಸಿ ಹೇಳುತ್ತಿದ್ದರು: "ನಾನು ಮಳೆ ಬರೋಕೆ ಮುಂಚೆ ಹೇಳ್ತೀನಿ. ನೀನು ಬಂದು ಹೋದ ಮೇಲೆ ಹೇಳ್ತೀಯ. ಜನ ಯಾರಿಗೆ ದಕ್ಷಿಣೆ ಕೊಡ್ತಾರೆ ನೋಡು." ನಾವು ಮೂವರೂ ನಗುತ್ತಿದ್ದೆವು. ಹಳ್ಳಿಯವರಿಗೆ ಮಗನೂ ಜೋಯಿಸರೇ, ಇನ್ನೂ ಹೆಚ್ಚು ಓದಿದ ಜೋಯಿಸರು ಎಂಬುದು ಆಗ ನಮಗೆ ಹೊಳೆಯಲಿಲ್ಲ.

ಆ ವರ್ಷ ಚಿತ್ತೆ ಮಳೆ ಹುಯ್ಯಿತು ನೋಡಿ, ಅಂಥದ್ದನ್ನು ನಾನು ಕಂಡಿರಲಿಲ್ಲ. ಮಳವಳ್ಳಿಯಿಂದ ಪೂರಿಗಾಲಿ ಕಡೆ ಹೋಗುವ ದಾರಿಯಲ್ಲಿ ಪಕ್ಕಕ್ಕೆ ಇಳಿದರೆ ಒಂದು ಹಳ್ಳಿ. ಊರ ಕೆರೆ ಕೋಡಿ ಮೀರಿ ಹರಿದು, ಕೋಡಿಯ ಕೆಳಗಿನ ಕೇರಿಯ ಮನೆಗಳನ್ನು ಮಲಗಿಸಿಬಿಟ್ಟಿತು. ದನಕರು ಹೋದವು. ದೇವರು ದೊಡ್ಡವನು, ಜನ ಉಳಿದರು. ಸುದ್ದಿ ಬಂದ ಮರುದಿನವೇ ಇವರು ನನ್ನನ್ನೂ ಎಳೆದುಕೊಂಡು ಹೊರಟರು. ನಿಂತ ಗೋಡೆಗಳ ಮೇಲೆ ನೀರಿನ ಗುರುತು ನೋಡಿ, ಅಂಗೈ ಒತ್ತಿ, ಏನೇನೋ ಅಳೆದರು. ಕೆಲವು ವಾರ ಕಳೆದ ಮೇಲೆ ಮತ್ತೆ ಹೋದಾಗ ಊರಿನವರು ಮಾರಮ್ಮನ ಗುಡಿ ಮುಂದಿನ ಕಟ್ಟೆಯ ಮೇಲೆ ಕೂರಿಸಿ, "ಏನಾಯ್ತು ಸಾಮಿ ಇದು, ಯಾಕಿಂಗೆ ಬಂತು?" ಅಂತ ಕೇಳಿದರು. ಇವರು ಆಕಾಶ, ಸಮುದ್ರ, ಗಾಳಿ ಎಲ್ಲ ವಿವರಿಸಿ ಕೊನೆಗೆ ಹೇಳಿದರು: "ಇದು ನೂರು ವರ್ಷಕ್ಕೊಂದು ಸಲ ಬರೋ ಮಳೆ."

ಅಷ್ಟೇ. ಅವರ ಶಾಸ್ತ್ರದಲ್ಲಿ ಅದಕ್ಕೆ ಒಂದು ಅರ್ಥ ಉಂಟು. ಯಾವ ವರ್ಷವೇ ಆಗಲಿ, ಅಂಥ ಮಳೆ ಬರುವುದು ನೂರರಲ್ಲಿ ಒಂದು ಪಾಲು ಸಾಧ್ಯ. ಈ ವರ್ಷ ಬಂತು ಅಂತ ಮರುವರ್ಷ ಅದರ ಪಾಲೇನೂ ಕಡಿಮೆಯಾಗುವುದಿಲ್ಲ. ಇದನ್ನು ಅವರು ನನಗೆ ವಿವರಿಸಿದ್ದು ಆಮೇಲೆ. ಕಟ್ಟೆಯ ಮೇಲೆ ಅದನ್ನು ಯಾರೂ ಕೇಳಲಿಲ್ಲ. ಯಾಕೆ ಕೇಳುತ್ತಾರೆ, ಮಾತು ಅಷ್ಟು ಸ್ಪಷ್ಟವಾಗಿತ್ತಲ್ಲ.

ಆ ಹೊತ್ತಿಗೆ ಸರ್ಕಾರದವರು ಬಿದ್ದ ಮನೆಯವರಿಗೆಲ್ಲ ಊರ ಹೊರಗಿನ ದಿಣ್ಣೆಯ ಮೇಲೆ ನಿವೇಶನ ಕೊಡುತ್ತೇವೆ ಅಂದಿದ್ದರು. ಜನಕ್ಕೆ ಮನಸ್ಸಿಲ್ಲ. ಅದು ಬರೀ ಗರಸು ನೆಲ, ಬಾವಿ ದೂರ. ಕೇರಿಯಲ್ಲಿ ಮನೆಮನೆಗೂ ರೇಷ್ಮೆ ಹುಳ. ಹುಳಕ್ಕೆ ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು. ಸೊಪ್ಪಿನ ತೋಟ ಕೆಳಗೆ, ಮನೆ ದಿಣ್ಣೆಯ ಮೇಲೆ ಅಂದರೆ ಹೆಂಗಸರ ಸೊಂಟ ಬಿದ್ದುಹೋಗುತ್ತದೆ. ಹೋಗುವುದೋ ಇರುವುದೋ ತೀರ್ಮಾನವಾಗದೆ ಊರಿನವರು ನಾವು ಎರಡನೆಯ ಸಲ ಹೋಗುವ ಮೊದಲೇ ಮಾರಮ್ಮನಿಗೆ ಹೂ ಕೇಳಿದ್ದರು. ಬಲಗಡೆಯ ಹೂ ಬಿದ್ದರೆ ಹಳೆಯ ಜಾಗದಲ್ಲೇ ಕಟ್ಟುವುದು, ಎಡಗಡೆಯದು ಬಿದ್ದರೆ ದಿಣ್ಣೆಗೆ ಹೋಗುವುದು. ಎಡಗಡೆಯ ಹೂ ಬಿದ್ದಿತ್ತು. ಇದು ಯಾವುದೂ ನಮಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಮರುವರ್ಷ, ಬೋರೇಗೌಡರ ಹೊಸ ಮನೆಯ ಒಕ್ಕಲಿಗೆ ಹೋದಾಗ. ಬೋರೇಗೌಡರು ಆ ಕೇರಿಗೆ ಯಜಮಾನರಿದ್ದ ಹಾಗೆ. ಅವರೇ ಬಸ್ಸು ಹತ್ತಿ ಮಂಡ್ಯಕ್ಕೆ ಬಂದು, ತಾಂಬೂಲ ಕೊಟ್ಟು ಕರೆದಿದ್ದರು. ಹೋಗಿ ನೋಡಿದರೆ ಮನೆ ಎದ್ದಿದ್ದು ಕೋಡಿಯ ಕೆಳಗೆ, ಹಳೆಯ ಪಾಯದ ಮೇಲೆಯೇ. ಇವರಿಗೆ ಅಂತ ಬೇರೆಯಾಗಿ ಹಾಲು ಹಣ್ಣು ತೆಗೆದಿಟ್ಟಿದ್ದರು. ಇವರು ಅದನ್ನು ಬಿಟ್ಟು ನನ್ನ ಪಂಕ್ತಿಯಲ್ಲೇ ಕೂತರು. ಗೌಡರ ಹೆಂಡತಿ ನಿಂಗಮ್ಮ ಒಬ್ಬಟ್ಟಿಗೆ ತುಪ್ಪ ಬಡಿಸುತ್ತ ಹೇಳಿದಳು: "ನಿಮ್ ಬಾಯ್ ಮಾತಿಂದ ಎದ್ದ ಮನೆ ಕಣ್ ಸಾಮಿ ಇದು. ಒಟ್ಟೆ ತುಂಬ ಉಣ್ಣಿ."

"ನನ್ನ ಮಾತಿಂದಲಾ?" ಅಂದರು ಇವರು.

"ಊಂ ಮತ್ತೆ. ಅಮ್ಮ ಎಡಗಡೆ ಊವ ಕೊಟ್ಟು ಬ್ಯಾಡ ಅಂದ್ಲು. ಎಲ್ರೂ ದಿಣ್ಣೆಗೆ ಓಗದು ಅಂತ ಒಂಟೇ ಬುಟ್ಟಿದ್ರು. ಆಮ್ಯಾಕೆ ನೀವು ಬಂದು ಏಳಿದ್ರಲ್ಲ, ಇನ್ನ ನೂರು ವರ್ಸ ಇಂತ ಮಳೆ ಬರಕಿಲ್ಲ ಅಂತ. ನಮ್ಮ ಮೊಮ್ಮಕ್ಕಳೂ ಕಾಣಕಿಲ್ಲ ಬುಡು ಅಂದ್ಕಂಡು ಇಲ್ಲೇ ಕಟ್ಟುದ್ವು."

"ನಾನು ಹಾಗೆ ಹೇಳಲಿಲ್ಲಮ್ಮ."

"ಏಳಿದ್ರಿ ಕಣ್ ಸಾಮಿ. ನಾನೂ ಅಲ್ಲೇ ಕುಂತಿದ್ನಲ್ಲ."

ಇವರು ಕೂತಲ್ಲೇ ಎಲೆಯಿಂದ ಕೈ ಹಿಂದೆಗೆದರು. ಉಂಡವರು ಕೈ ತೊಳೆದ ಮೇಲೆ ಬೋರೇಗೌಡರನ್ನೂ ಇನ್ನು ನಾಲ್ಕು ಜನರನ್ನೂ ಜಗುಲಿಯ ಮೇಲೆ ಕೂರಿಸಿಕೊಂಡು ತಿಳಿಹೇಳಲು ಹೊರಟರು. ಮಕ್ಕಳು ಚೌಕಾಬಾರ ಆಡುತ್ತಿದ್ದ ಕವಡೆಗಳನ್ನು ಈಸಿಕೊಂಡರು. ನಾಲ್ಕೂ ಕವಡೆ ಬೋರಲು ಬಿದ್ದರೆ ಬಾರ. ಅದು ಬೀಳುವುದು ಅಪರೂಪ. "ಈಗ ಬಾರ ಬಿತ್ತು ಅಂತಿಟ್ಟುಕೊಳ್ಳಿ. ಬಿದ್ದಾಯಿತು, ಇನ್ನು ಬೀಳೋಲ್ಲ ಅಂತ ಕವಡೆಗೇನು ನೆನಪಿರುತ್ತಾ? ಮತ್ತೆ ತಕ್ಷಣವೇ ಬೀಳಬಹುದು," ಅಂದು ಎಸೆದರು. ಬಾರ ಬೀಳಲಿಲ್ಲ. ಮತ್ತೆ ಎಸೆದರು. ಎಸೆದೇ ಎಸೆದರು. ಕೊನೆಗೊಮ್ಮೆ ಬಾರ ಬಿತ್ತು, ಇವರ ಕಣ್ಣು ಅರಳಿತು, ಮರು ಎಸೆತಕ್ಕೆ ಮೂರು. ಅದರ ಮುಂದಿನದೂ ಮೂರು. ಜಗುಲಿ ತುಂಬ ನಗು.

"ನೋಡುದ್ರಾ, ಬೀಳ್ನಿಲ್ಲ," ಅಂದರು ಬೋರೇಗೌಡರು. ಅವರಿಗೆ ಹಾಸ್ಯ ಮಾಡುವ ಮನಸ್ಸೇನೂ ಇರಲಿಲ್ಲ. "ಬಿದ್ರೂ ಬೀಳಬೌದು, ಅದು ಆಟ. ಮಳೆಗೆ ಸರದಿ ಅದೆ ಸಾಮಿ. ರೋಹ್ಣಿ ಆದ್ಮ್ಯಾಲೆ ಮಿರ್ಗಸಿರ, ಅದಾದ್ಮ್ಯಾಲೆ ಆರಿದ್ರ. ಆರಿದ್ರ ಬಂದೋಯ್ತು ಅಂದ್ರೆ ತಿರ್ಗ ಬರಾದು ಬರೋ ವರ್ಸವೇ. ಅಂಗೇ ಈ ನೂರು ವರ್ಸದ ಮಳೆನೂವೆ. ಬಂತು, ಓಯ್ತು. ಅದರ ಸರದಿ ಇನ್ನ ನೂರು ವರ್ಸಕ್ಕೆ."

"ಚಿತ್ತೆ ಕುರುಡು ಅಂತ ನೀವೇ ಹೇಳ್ತೀರಲ್ಲ ಗೌಡ್ರೇ. ಕುರುಡು ಮಳೆಗೆ ಸರದಿ ಎಲ್ಲಿಯದು?"

"ಕುರುಡಿ ದಾರಿ ತಪ್ತಾಳೆ ಸಾಮಿ, ದಿನ ತಪ್ಪಕಿಲ್ಲ. ಚಿತ್ತೆ ಚಿತ್ತೆಲೇ ಅಲ್ವಾ ಬರಾದು?"

ಇವರು ನನ್ನ ಕಡೆ ನೋಡಿದರು. ಮಾತು ನನ್ನ ಕಸುಬಲ್ಲವೇ. ನಾನೂ ಒಂದಿಷ್ಟು ಹೇಳಿದೆ. ನನ್ನ ಭಾಷೆ ಅವರದೇ ಭಾಷೆ, ನನ್ನ ಕುಲವೂ ಅವರದೇ, ಆದರೂ ಬೋರೇಗೌಡರು, "ನೀನು ಪದ ಏಳ್ಕೊಡೋ ಮೇಷ್ಟ್ರು ಕಣಪ್ಪ, ಮಳೆ ವಿಸ್ಯ ನಿಂಗ್ಯಾಕೆ?" ಅಂದು ಬಾಯಿ ಮುಚ್ಚಿಸಿದರು. ವಾದದಲ್ಲಿ ತಪ್ಪೇನಿದೆ? ಮಳೆಗಳಿಗೆ ಹೆಸರಿಟ್ಟು, ಸಾಲುಗಟ್ಟಿಸಿ, ಒಂದರ ಹಿಂದೆ ಒಂದನ್ನು ಕಾಯುತ್ತ ಬದುಕಿದವರಿಗೆ ನೂರು ವರ್ಷದ ಮಳೆ ಎಂದರೆ ನೂರು ವರ್ಷಕ್ಕೊಮ್ಮೆ ತನ್ನ ಸರದಿಗೆ ಬರುವ ಮಳೆಯೇ. ಅದೂ ಜೋಯಿಸರ ಮಗನ ಬಾಯಲ್ಲಿ ಬಂದ ಮಾತು.

ಅಲ್ಲಿಂದ ಎದ್ದು ಇವರು ನೇರವಾಗಿ ಮಾರಮ್ಮನ ಗುಡಿಗೆ ಹೋದರು. ಯಾವ ಗುಡಿಯೊಳಗೂ ಕಾಲಿಡದ ಮನುಷ್ಯ. ಪೂಜಾರಿ ದೀಪದ ಕಂಬ ತಿಕ್ಕುತ್ತಿದ್ದ. "ಪೂಜಾರಪ್ಪ, ಇನ್ನೊಂದು ಸಲ ಹೂ ಕೇಳಬೇಕು," ಅಂದರು.

"ಕೇಳಾಯ್ತಲ್ಲ ಸಾಮಿ. ಕೇಳಿದ್ನೇ ತಿರ್ಗ ಕೇಳಿದ್ರೆ ಅಮ್ಮನ್ನ ಪರೀಕ್ಸೆ ಮಾಡ್ದಂಗೆ."

"ಅಮ್ಮ ಹೇಳಿದ್ದೇ ಸರಿ, ನನ್ನ ಮಾತು ಬಿಟ್ಟು ಅವಳ ಮಾತು ಕೇಳಿ ಅಂತ ನೀನಾದರೂ ಜನಕ್ಕೆ ಹೇಳು."

ಪೂಜಾರಿ ಇವರನ್ನು ಮೇಲಿಂದ ಕೆಳಗೆ ನೋಡಿದ. "ಇಷ್ಟು ಓದ್ಕಂಡು ನೀವೇ ಊವ ನಂಬ್ತೀರಾ ಅಂತ ನಗ್ತಾರೆ ಸಾಮಿ. ಅಮ್ಮ ಬ್ಯಾಡ ಅಂದ್ಲು, ನೀವು ಆಗ್ಲಿ ಅಂದ್ರಿ. ಜನ ನಿಮ್ ಮಾತ್ ತಗಂಡ್ರು. ನನ್ನೇನ್ ಮಾಡು ಅಂತೀರಿ?"

ವಾಪಸು ಬರುವಾಗ ಬಸ್ಸಿನಲ್ಲಿ ಇವರು ಕಿಟಕಿಯ ಕಂಬಿಗೆ ಹಣೆಯಿಟ್ಟು ಕೂತಿದ್ದರು. ಮದ್ದೂರು ದಾಟಿದ ಮೇಲೆ ತಮಗೆ ತಾವೇ ಅಂದಂತೆ, "ನೂರು ವರ್ಷದ ಲೆಕ್ಕ ನನ್ನ ಹತ್ತಿರ ಎಲ್ಲಿದೆ ಕಣಯ್ಯ? ಅದರ ಅರ್ಧವೂ ನೆಟ್ಟಗಿಲ್ಲ. ಇದ್ದದ್ದನ್ನು ಹಿಗ್ಗಿಸಿ ನೂರು ಅಂದೆ. ನಮ್ಮ ಶಾಸ್ತ್ರದಲ್ಲಿ ಹಾಗೆ ಮಾಡುವುದು ರೂಢಿ," ಅಂದರು. ನಾನು ಸಮಾಧಾನಕ್ಕೆ, "ಬರುವುದಿಲ್ಲ ಬಿಡಿ, ನೂರರಲ್ಲಿ ಒಂದು ಪಾಲಲ್ಲವೇ," ಅಂದೆ. ಅವರು ನನ್ನನ್ನು ನೋಡಿದ ರೀತಿಗೆ ನನಗೇ ನಾಚಿಕೆಯಾಯಿತು.

ಆಮೇಲೆ ಅವರು ಕಂಡ ಅಧಿಕಾರಿಗಳೆಷ್ಟೋ. "ನಿವೇಶನ ಕೊಟ್ಟಿದ್ದೇವೆ, ಅವರು ಹೋಗುವುದಿಲ್ಲ, ಹೊತ್ತುಕೊಂಡು ಹೋಗಿ ಹಾಕೋಣವೇ?" ಅಂತ ಒಬ್ಬರು ಕೇಳಿದರಂತೆ. ಅದೂ ನ್ಯಾಯವೇ. ಒಬ್ಬ ಇಂಜಿನಿಯರು ಇವರದೇ ಮಾತನ್ನು ಇವರಿಗೆ ತಿರುಗಿಸಿ, "ನೂರು ವರ್ಷಕ್ಕೊಮ್ಮೆ ಬರೋದಕ್ಕೆ ಈಗಲೇ ಯಾಕೆ ಸಾರ್ ಆತುರ?" ಅಂದರಂತೆ. ಅವತ್ತು ಮನೆಗೆ ಬಂದು ನನ್ನ ಮುಂದೆ ನಗಲು ಪ್ರಯತ್ನಪಟ್ಟರು, ಆಗಲಿಲ್ಲ.

ಆ ವರ್ಷಗಳಲ್ಲಿ ಅವರ ಓದು ಮಾತ್ರ ಮೇಲೇರುತ್ತಿತ್ತು. ಡಾಕ್ಟರೇಟ್ ಬಂತು. ಪರೀಕ್ಷಕರು ಬಹಳ ಹೊಗಳಿದರಂತೆ. ಹೊರದೇಶದ ಪತ್ರಿಕೆಯೊಂದರಲ್ಲಿ ಲೇಖನ ಅಚ್ಚಾಯಿತು. ಅದರಲ್ಲಿ ಆ ಹಳ್ಳಿಯ ಮಳೆ ಒಂದು ಉದಾಹರಣೆ. ಕಾಲೇಜಿನಲ್ಲಿ ಹಾರ ಹಾಕಿ ಸನ್ಮಾನ ಮಾಡಿದೆವು. ಅವರು ಹಾರವನ್ನು ತೆಗೆದು ಸೈಕಲ್ಲಿನ ಹ್ಯಾಂಡಲಿಗೆ ನೇತುಹಾಕಿ, ಅಂದೂ ಮಳವಳ್ಳಿ ಬಸ್ಸಿಗೆ ಹೋದರು. ಚಿತ್ತೆ ಹುಟ್ಟಿತೆಂದರೆ ಸಾಕು, ಬಿಡುವು ಸಿಕ್ಕಿದಾಗಲೆಲ್ಲ ಹೋಗುತ್ತಿದ್ದರು. ಹೋಗಿ ಮಾಡುವುದೇನೂ ಇಲ್ಲ. ಕೆರೆ ಏರಿಯ ಮೇಲೆ ನಿಂತು ನೀರು ನೋಡುವುದು, ನಿಂಗಮ್ಮ ಕೊಟ್ಟ ಮಜ್ಜಿಗೆ ಕುಡಿಯುವುದು, ದಿಣ್ಣೆಗೆ ಹೋಗಿ ಅಂತ ಇನ್ನೊಮ್ಮೆ ಹೇಳುವುದು, ಅವಳು "ಆಯ್ತು ಬುಡಿ ಸಾಮಿ, ಈ ಉಳ ಇಳ್ದ ಮ್ಯಾಲೆ ನೋಡನ" ಅನ್ನುವುದು. ಒಂದು ಬೆಳೆ ಹುಳ ಗೂಡು ಕಟ್ಟಿ ಇಳಿಯುತ್ತಿದ್ದಂತೆ ಇನ್ನೊಂದು ಬೆಳೆ ಮೊಟ್ಟೆ ಬರುತ್ತಿತ್ತು.

ಉತ್ತರದ ಸಂಸ್ಥೆಯಿಂದ ಕೆಲಸದ ಆದೇಶ ಬಂದು ಅವರು ಸಾಮಾನು ಕಟ್ಟುತ್ತಿದ್ದರು. ಆ ವರ್ಷದ ಚಿತ್ತೆ ಮುಗಿಯುವುದಕ್ಕೆ ಇನ್ನೇನು ಸ್ವಲ್ಪ ಇತ್ತು. ಮಳೆ ಹಿಡಿಯಿತು. ಮೊದಲ ಸಲದಷ್ಟೇ ಹುಯ್ಯಿತು. ಹೆಚ್ಚೇ ಇತ್ತು ಅಂತ ಅವರು ಆಮೇಲೆ ಹೇಳಿದರು. ಹಾಡುಹಗಲಲ್ಲೇ ನೀರು ನುಗ್ಗಿತು. ಜನ ಈ ಸಲವೂ ಓಡಿದರು. ನಿಂಗಮ್ಮನೂ ಹೊರಗೆ ಬಂದವಳೇ. ಆದರೆ ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತು, ಚಂದ್ರಿಕೆಗಳೆಲ್ಲ ಒಳಗಿದ್ದವು. ಆ ಬಿದಿರಿನ ತಟ್ಟಿಗಳನ್ನು ಒಂದೊಂದಾಗಿ ಹೊತ್ತು ತರುತ್ತಿದ್ದಳು. ಗೋಡೆ ಅವಳ ಮೇಲೆ ಕೂತಿತು.

ನಾವು ಹೋಗುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ರಸ್ತೆ ಕಿತ್ತುಹೋಗಿ, ಮಳವಳ್ಳಿಯಿಂದ ಆಚೆಗೆ ಕೆಸರಿನಲ್ಲಿ ನಡೆದೆವು. ದಾರಿಯುದ್ದಕ್ಕೂ ಅವರು, ಊರಿನವರು ಹೊಡೆದರೆ ನೀನು ಅಡ್ಡ ಬರಬೇಡ ಅನ್ನುತ್ತಿದ್ದರು. ಅವರಿಗೆ ಅದೇ ಆಸೆ ಇದ್ದ ಹಾಗಿತ್ತು. ಉಳಿದವರೆಲ್ಲ ದಿಣ್ಣೆಯ ಮೇಲೆ ಕಬ್ಬಿನ ಸೋಗೆ ಹೊದಿಸಿಕೊಂಡು ಕೂತಿದ್ದರು. ಬೋರೇಗೌಡರು ನಮ್ಮನ್ನು ಕಂಡು ಎದ್ದು ನಿಂತರು. ಒಂದು ಚೊಂಬು ನೀರು ತರಿಸಿ ಕಾಲು ತೊಳೆಯಲು ಕೊಟ್ಟರು. ಕೂರಲು ಗೋಣಿಚೀಲ ಹಾಸಿದರು.

"ನೀವ್ಯಾಕೆ ಇಷ್ಟ್ ದೂರ ನಡ್ಕ ಬಂದ್ರಿ ಸಾಮಿ," ಅಂದರು. "ನಿಮ್ ಮಾತ್ನ ಇಲ್ಲಿ ಯಾರೂ ಸುಳ್ಳು ಅಂತಿಲ್ಲ. ನೀವು ಸರಿಯಾಗೇ ಏಳಿದ್ರಿ. ಮಳೆನೇ ಮಾತ್ ತಪ್ತು."

ಕೆಳಗೆ ಕೇರಿಯಲ್ಲಿ ಇಬ್ಬರು ಆಳುಗಳು ನಿಂತ ನೀರಿನಲ್ಲಿ ಬಿದ್ದ ಗೋಡೆಯ ಕಲ್ಲುಗಳನ್ನು ಎತ್ತಿ ಒಂದು ಕಡೆ ಒಟ್ಟುತ್ತಿದ್ದರು. ಬೋರೇಗೌಡರು ಅತ್ತ ನೋಡಿ ಕೇಳಿದರು.

"ಈಗ್ಲಾರ ಏಳಿ. ಇವತ್ತಿಂದ ನೂರು ವರ್ಸ ಅಂತ ಇಟ್ಕಬೌದಾ? ಐಕ್ಳು ಅಲ್ಲೇ ಪಾಯ ತೆಗಿಯನ ಅಂತಾವ್ರೆ."

ಈ ಸಲ ಇವರು ಪಾಲು, ಸಾಧ್ಯತೆ, ಕವಡೆ ಯಾವುದನ್ನೂ ಎತ್ತಲಿಲ್ಲ.

"ಗೊತ್ತಿಲ್ಲ ಗೌಡ್ರೇ," ಅಂದರು. "ನನಗೆ ಗೊತ್ತಿಲ್ಲ."

ಬೋರೇಗೌಡರು ನಿಧಾನವಾಗಿ ತಲೆಯಾಡಿಸಿದರು. ಹೆಗಲ ಮೇಲಿನ ಟವಲ್ಲು ತೆಗೆದು ಮುಖ ಒರೆಸಿಕೊಂಡರು.

"ಈ ಮಾತ್ನ ಅವತ್ತೇ ಗುಡಿ ಮುಂದೆ ಏಳ್ಬುಟ್ಟಿದ್ರೆ ಆಯ್ತಿತ್ತಲ್ಲಾ ಸಾಮಿ. ಜೋಯಿಸ್ರ ಮಗನ್ಗೇ ಗೊತ್ತಿಲ್ವಂತೆ ಅಂದ್ಕಂಡು, ಅಮ್ಮ ಏಳ್ದಂಗೆ ಇಲ್ಲಿಗೇ ಅತ್ ಬುಡ್ತಿದ್ವು. ಅವಳೂ ಇರೋಳು."

ಆ ದನಿಯಲ್ಲಿ ಸಿಟ್ಟು ಇರಲಿಲ್ಲ. ಎರಡು ಮಾತು ಬೈದಿದ್ದರೆ ನಮ್ಮ ಮೇಷ್ಟ್ರು ಅತ್ತಾದರೂ ಬಿಡುತ್ತಿದ್ದರು.